ಕೋಲಾರದಿಂದ ಓವಲ್‌ಗೆ: ಭಾರತ–ಇಂಗ್ಲೆಂಡ್ ಟೆಸ್ಟ್ ಮತ್ತು ಲಂಡನ್ ಸುತ್ತಾಟ, ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದ ಟೆಸ್ಟ್ ನೋಡಿಕೊಂಡು ಬಂಗಾರಪೇಟೆಗೆ ವಾಪಸಾದಾಗಿನಿಂದ ಕಂಡವರೆಲ್ಲ ನನ್ನನ್ನು ಕೇಳುವುದು ಅವೇ ಹತ್ತು ಹನ್ನೆರಡು ಪ್ರಶ್ನೆಗಳು. ಮಾರಿಕುಪ್ಪಂ ರೈಲಿನಲ್ಲಿ, ಕೋಲಾರದ ಟೊಮೆಟೊ ಮಂಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಎಲ್ಲ ಕಡೆ ಅದೇ ಮಾತು. ಮೇಷ್ಟ್ರಾಗಿದ್ದವನು ನಾನು, ಒಂದೇ ಪಾಠವನ್ನು ಹತ್ತು ಸಲ ಹೇಳಲು ಬೇಸರವಿಲ್ಲ. ಆದರೂ ಮುಂದಿನ ಸಲ ಹೊರಡುವವರಿಗೆ ಒಂದೇ ಕಡೆ ಸಿಗಲಿ ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ಪೈಪೋಟಿ ಅಂದರೆ ಪಾಕಿಸ್ತಾನದ ಜೊತೆ ಅಲ್ವಾ ಮೇಷ್ಟ್ರೇ? ಇಂಗ್ಲೆಂಡ್ ಪಂದ್ಯಕ್ಕೆ ಇಷ್ಟು ದೂರ ಯಾಕೆ?

ಪಾಕಿಸ್ತಾನದ ಜೊತೆ ನಾವು ಕೊನೆಯ ಟೆಸ್ಟ್ ಆಡಿದ್ದು 2007ರ ಡಿಸೆಂಬರ್‌ನಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅಲ್ಲಿಂದ ಈಚೆಗೆ ಒಂದೂ ಇಲ್ಲ. ಐದು ದಿನದ ಆಟದಲ್ಲಿ ಇವತ್ತಿಗೂ ಜೀವಂತವಾಗಿರುವ ನಮ್ಮ ಅತಿ ಹಳೆಯ ಪೈಪೋಟಿ ಇಂಗ್ಲೆಂಡ್ ಜೊತೆಗಿನದು. 1932ರ ಜೂನ್ 25ರಂದು ಲಂಡನ್ನಿನ ಇನ್ನೊಂದು ಮೈದಾನವಾದ ಲಾರ್ಡ್ಸ್‌ನಲ್ಲಿ ಸಿ.ಕೆ. ನಾಯುಡು ನಾಯಕತ್ವದಲ್ಲಿ ಭಾರತ ತನ್ನ ಮೊತ್ತಮೊದಲ ಟೆಸ್ಟ್ ಆಡಿತು. ಮೊಹಮ್ಮದ್ ನಿಸಾರ್ ಮತ್ತು ಅಮರ್ ಸಿಂಗ್ ಹೊಸ ಚೆಂಡಿನಲ್ಲಿ ಇಂಗ್ಲೆಂಡನ್ನು 19ಕ್ಕೆ 3 ಮಾಡಿಬಿಟ್ಟಿದ್ದರು. ಕೊನೆಗೆ ನಾವು ಸೋತೆವು, 158 ರನ್‌ಗಳಿಂದ. ಮೊದಲ ಗೆಲುವಿಗೆ 20 ವರ್ಷ ಕಾಯಬೇಕಾಯಿತು. 1952ರ ಫೆಬ್ರುವರಿಯಲ್ಲಿ ಮದ್ರಾಸಿನಲ್ಲಿ ವಿನೂ ಮಂಕಡ್ 12 ವಿಕೆಟ್ ಕಿತ್ತರು, ಇನಿಂಗ್ಸ್ ಮತ್ತು 8 ರನ್‌ಗಳಿಂದ ಗೆದ್ದೆವು. ಆ ಟೆಸ್ಟ್ ನಡೆಯುತ್ತಿದ್ದಾಗಲೇ ಬ್ರಿಟಿಷ್ ದೊರೆ ಆರನೇ ಜಾರ್ಜ್ ತೀರಿಕೊಂಡಿದ್ದ.

2025ರ ಓವಲ್ ಟೆಸ್ಟ್ ಮುಗಿದಾಗ ಲೆಕ್ಕ ಹೀಗಿತ್ತು: ಇಂಗ್ಲೆಂಡ್‌ಗೆ 53 ಗೆಲುವು, ನಮಗೆ 37, ಉಳಿದ 51 ಡ್ರಾ. ಅವರ ನೆಲದಲ್ಲಿ ನಾವು ಸರಣಿ ಗೆದ್ದಿದ್ದು ಮೂರೇ ಸಲ, 1971, 1986, 2007ರಲ್ಲಿ. ಅಲ್ಲಿ ಒಂದು ಟೆಸ್ಟ್ ಗೆದ್ದರೂ ಅದಕ್ಕೆ ಇಷ್ಟು ತೂಕ ಬರುವುದು ಈ ಕಾರಣಕ್ಕೇ.

ನನಗೆ ಇನ್ನೊಂದು ಕಾರಣವೂ ಇದೆ. ನಮ್ಮ ತಾತ ಕೋಲಾರದ ಚಿನ್ನದ ಗಣಿಗಳಲ್ಲಿ (ಕೆಜಿಎಫ್) ಒಂದಾದ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿ ಲಂಡನ್ನಿನದು. ನಮ್ಮ ಮನೆಯಲ್ಲಿ ಆ ಊರಿನ ಹೆಸರು ಕ್ರಿಕೆಟ್ಟಿಗಿಂತ ಮುಂಚಿನಿಂದ ಓಡಾಡುತ್ತಿತ್ತು.

ಒಂದೇ ಪಂದ್ಯ ನೋಡೋದಾದರೆ ಲಾರ್ಡ್ಸೋ, ಓವಲ್ಲೋ?

ಓವಲ್. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಲಾರ್ಡ್ಸ್ ಹೆಸರು ದೊಡ್ಡದು, ಒಪ್ಪುತ್ತೇನೆ. ಆದರೆ ಕನ್ನಡಿಗರಿಗೆ ಓವಲ್ ಕೊಟ್ಟಷ್ಟನ್ನು ಇಂಗ್ಲೆಂಡಿನ ಬೇರೆ ಯಾವ ಮೈದಾನವೂ ಕೊಟ್ಟಿಲ್ಲ. 1971ರಲ್ಲಿ ಚಂದ್ರಶೇಖರ್ 38 ರನ್‌ಗೆ 6 ವಿಕೆಟ್. 2002ರಲ್ಲಿ ರಾಹುಲ್ ದ್ರಾವಿಡ್ 217. 2007ರಲ್ಲಿ ಅದೇ ದ್ರಾವಿಡ್ ನಾಯಕನಾಗಿ ಸರಣಿ ಗೆದ್ದು ಕಪ್ ಎತ್ತಿದ್ದು ಇಲ್ಲೇ, ಅನಿಲ್ ಕುಂಬ್ಳೆ ತಮ್ಮ 118ನೇ ಟೆಸ್ಟ್‌ನಲ್ಲಿ ಜೀವಮಾನದ ಒಂದೇ ಒಂದು ಟೆಸ್ಟ್ ಶತಕ ಹೊಡೆದಿದ್ದೂ ಇಲ್ಲೇ, 110 ಔಟಾಗದೆ. 2011ರಲ್ಲಿ ನಾವು ಸರಣಿಯನ್ನು 4–0 ಸೋತಾಗ ಇನಿಂಗ್ಸ್ ಆರಂಭಿಸಿ ಕೊನೆಯವರೆಗೂ ಔಟಾಗದೆ ಉಳಿದ ದ್ರಾವಿಡ್ ಅವರ 146. 2018ರಲ್ಲಿ ನಾಲ್ಕನೇ ಇನಿಂಗ್ಸ್‌ನಲ್ಲಿ ಕೆ.ಎಲ್. ರಾಹುಲ್ 149. 2025ರಲ್ಲಿ ಹಸಿರು ಪಿಚ್ ಮೇಲೆ ಕರುಣ್ ನಾಯರ್ 57, ಆ ಇನಿಂಗ್ಸ್‌ನಲ್ಲಿ ನಮ್ಮವರು ಹೊಡೆದ ಒಂದೇ ಅರ್ಧಶತಕ ಅದು. ಜೊತೆಗೆ ಎರಡೂ ಇನಿಂಗ್ಸ್‌ನಲ್ಲಿ ನಾಲ್ಕು ನಾಲ್ಕು ವಿಕೆಟ್ ಪಡೆದ ಪ್ರಸಿದ್ಧ್ ಕೃಷ್ಣ.

ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟ್ ನಡೆದದ್ದೂ ಓವಲ್‌ನಲ್ಲೇ, 1880ರಲ್ಲಿ. ಅದೇ ವರ್ಷ ನಮ್ಮ ಕೋಲಾರದ ಗಣಿಗೆ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು.

1971ರ ಆ ಪಂದ್ಯದಲ್ಲಿ ಆಗಿದ್ದೇನು?

ಇದನ್ನು ಕೇಳುವವರು ಹೆಚ್ಚಾಗಿ ಚಿಕ್ಕ ಹುಡುಗರು. ಹಾಗಾಗಿ ಪೂರ್ತಿ ಹೇಳುತ್ತೇನೆ.

ಸರಣಿಯ ಮೊದಲ ಎರಡು ಟೆಸ್ಟ್ ಡ್ರಾ ಆಗಿದ್ದವು. ಆಗಸ್ಟ್ 19ಕ್ಕೆ ಓವಲ್‌ನಲ್ಲಿ ಮೂರನೆಯದು ಶುರುವಾಯಿತು. ಇಂಗ್ಲೆಂಡ್ 355, ಭಾರತ 284. ಎಪ್ಪತ್ತೊಂದು ರನ್ ಹಿಂದೆ ಬಿದ್ದಿದ್ದೆವು. ಅಲ್ಲಿಂದ ಮುಂದಿನ ಎರಡೂವರೆ ಗಂಟೆ ಮೈಸೂರಿನ ಭಾಗವತ್ ಚಂದ್ರಶೇಖರ್ ಅವರದು. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಸಣಕಲಾಗಿದ್ದ ಬಲಗೈ, ಚೆಂಡು ಎಸೆಯುತ್ತಿದ್ದದ್ದೂ ಅದೇ ಕೈಯಲ್ಲಿ. ಗೂಗ್ಲಿಯೋ, ಟಾಪ್ ಸ್ಪಿನ್ನೋ, ವೇಗದ ಬೌಲರಿನಷ್ಟು ಜೋರಾಗಿ ನುಗ್ಗುವ ಚೆಂಡೋ, ಬ್ಯಾಟ್ಸ್‌ಮನ್‌ಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು.

ಮೊದಲ ವಿಕೆಟ್ಟನ್ನು ಅದೃಷ್ಟವೇ ತಂದುಕೊಟ್ಟಿತು. ಲಕ್‌ಹರ್ಸ್ಟ್ ನೇರವಾಗಿ ಹೊಡೆದ ಚೆಂಡು ಚಂದ್ರ ಅವರ ಕೈಗೆ ತಾಗಿ ಆ ಕಡೆಯ ವಿಕೆಟ್ಟಿಗೆ ಬಡಿಯಿತು, ಜೇಮ್ಸನ್ ರನ್ ಔಟ್. ಆಮೇಲೆ ಊಟಕ್ಕೆ ಸ್ವಲ್ಪ ಮುಂಚೆ ಎಡ್ರಿಚ್ ಬೌಲ್ಡ್, ಮರು ಚೆಂಡಿಗೇ ಫ್ಲೆಚರ್ ಅವರ ಕ್ಯಾಚ್ ಏಕನಾಥ್ ಸೋಳ್ಕರ್ ಕೈಗೆ. ಊಟದ ಹೊತ್ತಿಗೆ 24ಕ್ಕೆ 3. ಎಡ್ರಿಚ್‌ಗೆ ಎಸೆಯುವ ಮುನ್ನ ದಿಲೀಪ್ ಸರ್ದೇಸಾಯಿ ‘ಮಿಲ್ ರೀಫ್ ಹಾಕು’ ಎಂದು ಕೂಗಿದರಂತೆ. ಮಿಲ್ ರೀಫ್ ಆ ವರ್ಷದ ಡರ್ಬಿ ಗೆದ್ದ ಕುದುರೆ, ಚಂದ್ರರ ವೇಗದ ಚೆಂಡಿಗೆ ಸಹ ಆಟಗಾರರು ಇಟ್ಟಿದ್ದ ಗುಟ್ಟಿನ ಹೆಸರು. ರೀಫ್ ಅಂದರೆ ಬಂಗಾರದ ಪದರವೆಂದೇ ಗೊತ್ತಿದ್ದ ನಮ್ಮ ಕೆಜಿಎಫ್ ಕಡೆಯವರಿಗೆ ಈ ಮಾತು ಕೇಳಿದರೆ ಖುಷಿಯಾಗದೆ ಇರುತ್ತದೆಯೇ!

ಊಟ ಮುಗಿಸಿ ಬಂದ ಮೇಲೆ ವೆಂಕಟರಾಘವನ್ ಬೌಲಿಂಗ್‌ನಲ್ಲಿ ಅಲನ್ ನಾಟ್ ಅವರ ಕ್ಯಾಚನ್ನು ಸೋಳ್ಕರ್ ಮುಂದಕ್ಕೆ ಹಾರಿ ನೆಲದ ಮಟ್ಟದಲ್ಲಿ ಹಿಡಿದರು. ಇಂಗ್ಲೆಂಡ್ 101ಕ್ಕೆ ಆಲೌಟ್. ಬೇಕಾಗಿದ್ದದ್ದು 173. ಗಾವಸ್ಕರ್ ಸೊನ್ನೆಗೆ ಔಟಾದರೂ ನಾಯಕ ಅಜಿತ್ ವಾಡೇಕರ್ 45, ಸರ್ದೇಸಾಯಿ 40, ಭದ್ರಾವತಿಯ ನಮ್ಮ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್, 33. ಕೊನೆಗೆ ಅಬಿದ್ ಅಲಿ ಬೌಂಡರಿ ಬಾರಿಸಿದರು, 4 ವಿಕೆಟ್ ಗೆಲುವು. ಗಣೇಶನ ಹಬ್ಬದ ದಿನಗಳವು. ಭಾರತದ ಅಭಿಮಾನಿಗಳು ಚೆಸಿಂಗ್ಟನ್ ಪ್ರಾಣಿ ಸಂಗ್ರಹಾಲಯದಿಂದ ಬೆಲ್ಲಾ ಎಂಬ ಆನೆಯನ್ನೇ ಮೈದಾನಕ್ಕೆ ಕರೆತಂದಿದ್ದರು.

2025ರ ಕೊನೆಯ ದಿನ ನೀವು ಒಳಗಿದ್ರಾ?

ಇಲ್ಲ. ನನ್ನ ಹತ್ತಿರ ಇದ್ದದ್ದು ನಾಲ್ಕನೇ ದಿನದ ಟಿಕೆಟ್, ಭಾನುವಾರದ್ದು. ಅವತ್ತು ಹ್ಯಾರಿ ಬ್ರೂಕ್ 19 ರನ್ ಮಾಡಿದ್ದಾಗ ಪ್ರಸಿದ್ಧ್ ಬೌಲಿಂಗ್‌ನಲ್ಲಿ ಸಿರಾಜ್ ಬೌಂಡರಿ ಹತ್ತಿರ ಕ್ಯಾಚ್ ಹಿಡಿದರು, ಹಿಡಿದ ಮೇಲೆ ಕಾಲು ಹಗ್ಗಕ್ಕೆ ತಾಗಿತು. ಔಟಾಗಬೇಕಿದ್ದದ್ದು ಸಿಕ್ಸರ್ ಆಯಿತು. ಬ್ರೂಕ್ 111ರವರೆಗೆ ಹೋದರು, ರೂಟ್ 105. ಪಂದ್ಯ ಕೈಬಿಟ್ಟಿತು ಅಂದುಕೊಂಡಿದ್ದೆವು. ಅಷ್ಟರಲ್ಲಿ ಪ್ರಸಿದ್ಧ್ ರೂಟನ್ನು ಔಟ್ ಮಾಡಿದರು, ಬೆಳಕು ಕುಂದಿತು, ಮಳೆ ಬಂತು. 374 ಬೇಕಾಗಿದ್ದಲ್ಲಿ ಇಂಗ್ಲೆಂಡ್ 339ಕ್ಕೆ 6. ಇನ್ನು 35 ರನ್.

ಸೋಮವಾರದ ಟಿಕೆಟ್ ಸಿಗಲಿಲ್ಲ. ಆದರೂ ರೂಮಿನಲ್ಲಿ ಕೂರಲು ಮನಸ್ಸಾಗದೆ ಬೆಳಿಗ್ಗೆ ಹೋಗಿ ಮೈದಾನದ ಪಕ್ಕದ ಹಾರ್ಲಿಫೋರ್ಡ್ ರಸ್ತೆಯ ಫುಟ್‌ಪಾತ್ ಮೇಲೆ ನಿಂತೆ. ಮೊಬೈಲ್‌ನಲ್ಲಿ ಆಟ ಬರುತ್ತಿದ್ದದ್ದು ತುಸು ತಡವಾಗಿ. ಮೊದಲು ಗೋಡೆಯಾಚೆಯಿಂದ ಕೂಗು ಕೇಳುವುದು, ಆಮೇಲೆ ಕೈಯಲ್ಲಿ ಚಿತ್ರ ಬರುವುದು. ಕೂಗು ಯಾರದು ಎಂದು ಕಿವಿಗೊಟ್ಟು ತೂಗುತ್ತ ನಿಂತಿರುತ್ತಿದ್ದೆ. ಪಕ್ಕದಲ್ಲಿ ಗುಜರಾತಿನ ಒಬ್ಬ ಅಜ್ಜ, ಡೆಲಿವರಿ ಕೆಲಸದ ಒಬ್ಬ ಹುಡುಗ, ನಾನು. ಪ್ರಸಿದ್ಧ್ ಟಂಗ್ ಅವರನ್ನು ಬೌಲ್ಡ್ ಮಾಡಿದ ಮೇಲೆ ಕ್ರಿಸ್ ವೋಕ್ಸ್ ಗಾಯವಾಗಿದ್ದ ಒಂದು ತೋಳನ್ನು ಸ್ವೆಟರ್ ಒಳಗೆ ಕಟ್ಟಿಕೊಂಡು ಆಡಲು ಇಳಿದರು. ಎದುರಾಳಿಯಾದರೂ ಆ ಮನುಷ್ಯನಿಗೆ ಫುಟ್‌ಪಾತಿನ ಮೇಲೂ ಚಪ್ಪಾಳೆ ಬಿತ್ತು. ಆಮೇಲೆ ಒಂದು ಕೂಗು ಎದ್ದಿತು ನೋಡಿ, ಮೊಬೈಲ್ ನೋಡುವ ಅಗತ್ಯವೇ ಬೀಳಲಿಲ್ಲ. ಸಿರಾಜ್ ಯಾರ್ಕರ್, ಆಟ್ಕಿನ್ಸನ್ ಬೌಲ್ಡ್, 367ಕ್ಕೆ ಆಲೌಟ್, 6 ರನ್‌ಗಳ ಗೆಲುವು, ಸರಣಿ 2–2. ಆ ಅಜ್ಜ ನನ್ನನ್ನು ತಬ್ಬಿಕೊಂಡು ಅತ್ತರು.

ಹಾಗಾದರೆ ಟಿಕೆಟ್ ಹೇಗೆ ತಗೊಳ್ಳೋದು?

ಮೇಲಿನ ಕಥೆಯಲ್ಲೇ ಅರ್ಧ ಉತ್ತರ ಇದೆ: ಐದನೇ ದಿನದ ಟಿಕೆಟ್ಟನ್ನೂ ಮೊದಲೇ ತೆಗೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ಉಳಿದ ದಿನಗಳಿಗಿಂತ ಅಗ್ಗ. ಭಾರತದ ಟೆಸ್ಟ್‌ಗಳ ಮೊದಲ ನಾಲ್ಕು ದಿನದ ಸೀಟುಗಳು ತಿಂಗಳುಗಟ್ಟಲೆ ಮುಂಚೆಯೇ ಮುಗಿದುಹೋಗುತ್ತವೆ. ಲಾರ್ಡ್ಸ್‌ಗೆ ಚೀಟಿ ಎತ್ತುವ ಪದ್ಧತಿ ಇದೆ, ಮೊದಲೇ ಹೆಸರು ನೋಂದಾಯಿಸಬೇಕು. ಮೈದಾನದ ಅಧಿಕೃತ ವೆಬ್‌ಸೈಟ್ ಬಿಟ್ಟು ಬೇರೆ ಎಲ್ಲೂ ದುಡ್ಡು ಕಟ್ಟಬೇಡಿ. ನಮ್ಮ ಕಡೆಯವರೊಬ್ಬರು ಯಾವುದೋ ತಾಣದಲ್ಲಿ ಮೂರು ಪಟ್ಟು ಕೊಟ್ಟು, ಗೇಟಿನವರೆಗೆ ಹೋಗಿ ವಾಪಸ್ ಬಂದರು.

ವೀಸಾ, ವಿಮಾನ?

ವೀಸಾ ಅರ್ಜಿ ಆನ್‌ಲೈನ್‌ನಲ್ಲಿ, ಬೆರಳಚ್ಚು ಮತ್ತು ಫೋಟೊ ಬೆಂಗಳೂರಿನ ಕೇಂದ್ರದಲ್ಲಿ. ಪ್ರವಾಸಿ ವೀಸಾ ಸಾಮಾನ್ಯವಾಗಿ ಆರು ತಿಂಗಳಿನದು. ಬ್ಯಾಂಕ್ ಲೆಕ್ಕ, ಪಿಂಚಣಿ ಅಥವಾ ಸಂಬಳದ ಕಾಗದ, ಊರಿನಲ್ಲಿ ಜಮೀನು ಮನೆ ಇದ್ದರೆ ಅದರ ದಾಖಲೆ, ಇಷ್ಟನ್ನು ಇಂಗ್ಲಿಷ್ ಅನುವಾದದ ಸಮೇತ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಹೀಥ್ರೂಗೆ ನೇರ ವಿಮಾನ ಇದೆ, ಹತ್ತು ಹನ್ನೊಂದು ಗಂಟೆಯ ದಾರಿ. ದೇವನಹಳ್ಳಿಗೆ ಒಂದೆರಡು ಗಂಟೆ ಮೊದಲೇ ತಲುಪಿದರೆ ಟಿಪ್ಪು ಹುಟ್ಟಿದ ಜಾಗ ಮತ್ತು ಕೋಟೆ ನೋಡಿಕೊಂಡು ವಿಮಾನ ಹತ್ತಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಲ್ಲಿ ಉಳಿಯೋದು? ನಮ್ಮ ಊಟ ಸಿಗುತ್ತಾ?

ಟೂಟಿಂಗ್‌ನಲ್ಲಿ ಉಳಿಯಿರಿ. ದಕ್ಷಿಣ ಭಾರತದ ಹೋಟೆಲುಗಳು ಸಾಲಾಗಿವೆ; ದೋಸೆ, ಇಡ್ಲಿ, ಅನ್ನ ಸಾರಿಗೆ ಕೊರತೆ ಇಲ್ಲ. ಅಲ್ಲಿಂದ ನಾರ್ದರ್ನ್ ಲೈನ್ ಮೆಟ್ರೊ ಹತ್ತಿದರೆ ಬದಲಾಯಿಸದೆ ನೇರ ಓವಲ್ ಸ್ಟೇಷನ್. ಈಸ್ಟ್ ಹ್ಯಾಮ್‌ನಲ್ಲೂ ನಮ್ಮ ಊಟ ಚೆನ್ನಾಗಿದೆ, ಆದರೆ ಮೈದಾನಕ್ಕೆ ದೂರ. ಊರಿನಿಂದ ಚಟ್ನಿಪುಡಿ, ನಿಪ್ಪಟ್ಟು, ಹುರಿಗಾಳು ಒಯ್ಯಿರಿ. ಪೇಡ, ಹಾಲಿನ ಸಿಹಿ, ಮಾಂಸದ ಪದಾರ್ಥ ಬೇಡವೇ ಬೇಡ. ಅವನ್ನು ಆ ದೇಶದೊಳಗೆ ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಬಂಗಾರಪೇಟೆ ಪಾನಿಪುರಿ ಮಾತ್ರ ಅಲ್ಲಿ ಎಲ್ಲೂ ಸಿಗುವುದಿಲ್ಲ, ವಾಪಸ್ ಬಂದೇ ತಿನ್ನಬೇಕು.

ಓಡಾಟಕ್ಕೆ ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ಸಾಕು. ದಿನಕ್ಕೆ ಇಂತಿಷ್ಟು ಎಂಬ ಮಿತಿ ಇದೆ, ಅದು ದಾಟಿದ ಮೇಲೆ ಎಷ್ಟು ಸುತ್ತಿದರೂ ಮತ್ತೆ ಕಡಿತ ಆಗುವುದಿಲ್ಲ. ಒಂದು ಎಚ್ಚರ: ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು.

ಪಂದ್ಯದ ದಿನ ಬೆಳಿಗ್ಗೆ ಏನಾದರೂ ನೋಡಬಹುದಾ?

ಆಟ ಶುರುವಾಗುವುದು 11ಕ್ಕೆ. ಏಳೂವರೆಗೆ ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ನಿನಲ್ಲಿ ಇಳಿಯಿರಿ. ಬಿಗ್ ಬೆನ್ ಗಡಿಯಾರ, ಪಾರ್ಲಿಮೆಂಟ್ ಎರಡೂ ಅಲ್ಲೇ ತಲೆಯ ಮೇಲಿವೆ. ಸೇತುವೆ ದಾಟಿ ಬಲಕ್ಕೆ ತಿರುಗಿ ಥೇಮ್ಸ್ ದಂಡೆ ಹಿಡಿದು ನಡೆಯಿರಿ. ಕೊರೊನಾದಲ್ಲಿ ತೀರಿಕೊಂಡವರ ನೆನಪಿಗೆ ಸಾವಿರಾರು ಕೆಂಪು ಹೃದಯಗಳನ್ನು ಬರೆದ ಗೋಡೆ ಎದುರಾಗುತ್ತದೆ. ಅಲ್ಲಿ ಮಾತು ತಾನಾಗಿ ನಿಲ್ಲುತ್ತದೆ. ಲ್ಯಾಂಬೆತ್ ಅರಮನೆ ದಾಟಿದ ಮೇಲೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ನಮ್ಮ ಬಸವಣ್ಣ.

ಹೌದು, ಬಸವಣ್ಣನವರೇ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪ್ರತಿಮೆ. ಇದಕ್ಕಾಗಿ ದುಡಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್. ಅನುಭವ ಮಂಟಪ ಕಟ್ಟಿದವರು ಈ ದಂಡೆಯಲ್ಲಿ, ಬ್ರಿಟಿಷರ ಪಾರ್ಲಿಮೆಂಟ್ ಆ ದಂಡೆಯಲ್ಲಿ. ನಾನು ಚಪ್ಪಲಿ ಬಿಟ್ಟು ಕೈಮುಗಿದು ಹತ್ತು ನಿಮಿಷ ಕೂತಿದ್ದೆ. ಬೆಳಗಿನ ಓಟಕ್ಕೆ ಬಂದಿದ್ದ ಒಬ್ಬ ಹೆಂಗಸು ಇವರು ಯಾರು ಎಂದು ಕೇಳಿದರು. ನನಗೆ ಬಂದ ಇಂಗ್ಲಿಷಿನಲ್ಲಿ ಕಾಯಕ, ದಾಸೋಹ ವಿವರಿಸಿದೆ. ಅಲ್ಲಿಂದ ವಾಕ್ಸ್‌ಹಾಲ್ ಮೇಲೆ ಓವಲ್ ಮೈದಾನ ಇಪ್ಪತ್ತು ಇಪ್ಪತ್ತೈದು ನಿಮಿಷದ ನಡಿಗೆ.

ಲಾರ್ಡ್ಸ್ ಪೂರ್ತಿ ಬಿಟ್ಟುಬಿಡಬೇಕಾ?

ಬಿಡಬಾರದು! ಪಂದ್ಯ ಇಲ್ಲದ ದಿನ ಮೈದಾನ ತೋರಿಸುವ ಪ್ರವಾಸ ಇರುತ್ತದೆ, ಆನ್‌ಲೈನ್‌ನಲ್ಲಿ ಕಾಯ್ದಿರಿಸಿ. ಸೇಂಟ್ ಜಾನ್ಸ್ ವುಡ್ ಸ್ಟೇಷನ್. ಮೈದಾನ ಒಂದು ಬದಿಯಿಂದ ಇನ್ನೊಂದು ಬದಿಗೆ ಎರಡೂವರೆ ಮೀಟರ್ ಇಳಿಜಾರು; ಟಿವಿಯಲ್ಲಿ ಗೊತ್ತಾಗದ್ದು ಅಲ್ಲಿ ನಿಂತಾಗ ಕಣ್ಣಿಗೆ ಹೊಡೆಯುತ್ತದೆ. 1996ರಲ್ಲಿ ದ್ರಾವಿಡ್ ಮೊದಲ ಟೆಸ್ಟ್‌ನಲ್ಲೇ 95ಕ್ಕೆ ಔಟಾಗಿ ಶತಕ ಹೊಡೆದವರ ಹೆಸರು ಬರೆಯುವ ಡ್ರೆಸ್ಸಿಂಗ್ ರೂಮಿನ ಗೌರವ ಫಲಕದಲ್ಲಿ ಹೆಸರು ತಪ್ಪಿಸಿಕೊಂಡಿದ್ದರು. 2011ರಲ್ಲಿ 103 ಹೊಡೆದು ಬರೆಸಿದರು. ಕೆ.ಎಲ್. ರಾಹುಲ್ ಎರಡು ಸಲ ಬರೆಸಿದ್ದಾರೆ, 2021ರಲ್ಲಿ 129, 2025ರಲ್ಲಿ 100.

ಅಲ್ಲಿನ ಮ್ಯೂಸಿಯಂನಲ್ಲಿ ಇಂಗ್ಲೆಂಡ್–ಆಸ್ಟ್ರೇಲಿಯಾ ಪೈಪೋಟಿಯ ಗುರುತಾದ ಆಶಸ್‌ನ ಪುಟ್ಟ ಕುಡಿಕೆಯನ್ನು ಎಲ್ಲರೂ ನೋಡುತ್ತಾರೆ. ನೀವು ಗುಬ್ಬಚ್ಚಿಯನ್ನೂ ಹುಡುಕಿ. 1936ರಲ್ಲಿ ಭಾರತದ ಆಟಗಾರ ಜಹಾಂಗೀರ್ ಖಾನ್ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರ ಎಸೆದ ಚೆಂಡು ತಗುಲಿ ಸತ್ತ ಹಕ್ಕಿ ಅದು, ಆ ಚೆಂಡಿನ ಜೊತೆಗೇ ಕಾಪಾಡಿ ಇಟ್ಟಿದ್ದಾರೆ.

1983ರ ವಿಶ್ವಕಪ್ ಗೆದ್ದದ್ದು ಇದೇ ಅಂಗಳದಲ್ಲಿ, ಅದೂ ಜೂನ್ 25ರಂದು, ನಮ್ಮ ಮೊದಲ ಟೆಸ್ಟ್ ಶುರುವಾದ ತಾರೀಕಿನಂದೇ. ಆ ಕೂಟದಲ್ಲಿ ಅತಿ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. 1974ರಲ್ಲಿ ನಾವು 42ಕ್ಕೆ ಆಲೌಟ್ ಆದದ್ದೂ ಇಲ್ಲೇ ಎಂಬುದನ್ನು ಮರೆಯಬಾರದು.

ಹೆಣ್ಣುಮಕ್ಕಳ ಕ್ರಿಕೆಟ್‌ನಲ್ಲಿ ಈ ಪೈಪೋಟಿ ಹೇಗೆ?

ನನ್ನ ಮೊಮ್ಮಗಳ ಪ್ರಶ್ನೆ ಇದು. 2017ರ ವಿಶ್ವಕಪ್ ಫೈನಲ್, ಲಾರ್ಡ್ಸ್ ತುಂಬಿ ತುಳುಕುತ್ತಿತ್ತು. ಗೆಲುವಿನ ಹತ್ತಿರ ಹೋಗಿ 9 ರನ್‌ಗಳಿಂದ ಸೋತೆವು. ಪೂನಂ ರಾವತ್ 86, ಕಡೂರಿನ ವೇದಾ ಕೃಷ್ಣಮೂರ್ತಿ 35. ಆನ್ಯಾ ಶ್ರಬ್‌ಸೋಲ್ 46 ರನ್‌ಗೆ 6 ವಿಕೆಟ್ ಕಿತ್ತರು. ವಿಜಯಪುರದ ರಾಜೇಶ್ವರಿ ಗಾಯಕವಾಡ್ ಕೂಡ ಆ ತಂಡದಲ್ಲಿದ್ದರು. ಆ ಸಂಜೆಯಿಂದ ನಮ್ಮ ಬೀದಿಯ ಹುಡುಗಿಯರೂ ಬ್ಯಾಟ್ ಹಿಡಿದರು, ನಾನೇ ಕಂಡದ್ದು.

ಊರಲ್ಲಿ ಇನ್ನೇನು ನೋಡಲೇಬೇಕು?

ಲಂಡನ್ ರೋಮನ್ನರು ಕಟ್ಟಿದ ಊರು, ಸುಮಾರು ಎರಡು ಸಾವಿರ ವರ್ಷದ್ದು. ಟವರ್ ಹಿಲ್ ಸ್ಟೇಷನ್ನಿನಿಂದ ಹೊರಬಂದರೆ ಅವರ ಕಾಲದ ಕೋಟೆಗೋಡೆಯ ತುಂಡು ಇವತ್ತಿಗೂ ನಿಂತಿದೆ. ಗಂಗರ ಮೊದಲ ರಾಜಧಾನಿ ಕುವಲಾಲಪುರದವರು ನಾವು, ಹಳೆಯ ಊರಿನ ಬೆಲೆ ನಮಗೆ ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲೇ ಟವರ್ ಆಫ್ ಲಂಡನ್, ಕೊಹಿನೂರ್ ಇರುವುದು ಅಲ್ಲೇ. ಟಿಕೆಟ್ ದುಬಾರಿ. ಕೈ ಬಿಗಿ ಇದ್ದರೆ ಹೊರಗಿನಿಂದ ನೋಡಿ ಮುಂದೆ ಹೋಗಿ, ಏಕೆಂದರೆ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಬ್ರಿಟಿಷ್ ಮ್ಯೂಸಿಯಂನಲ್ಲಿ ಅಮರಾವತಿ ಸ್ತೂಪದ ಶಿಲ್ಪಗಳಿವೆ, ಬೇರೆ ಏನು ಬಿಟ್ಟರೂ ಅವನ್ನು ಬಿಡಬೇಡಿ.

ಇನ್ನು ದೇವನಹಳ್ಳಿಯ ಮಾತು. ದಕ್ಷಿಣ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನದು ಟಿಪ್ಪುವಿನ ಹುಲಿ: ಬ್ರಿಟಿಷ್ ಸಿಪಾಯಿಯ ಮೇಲೆರಗಿರುವ ಮರದ ಹುಲಿ, ಹೊಟ್ಟೆಯೊಳಗೆ ಸದ್ದು ಮಾಡುವ ಆರ್ಗನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಂಡೊಯ್ದದ್ದು. ಟಿಪ್ಪುವಿನ ತಂದೆ ಹೈದರ್ ಹುಟ್ಟಿದ್ದು ನಮ್ಮ ಬಂಗಾರಪೇಟೆ ಪಕ್ಕದ ಬೂದಿಕೋಟೆಯಲ್ಲಿ, ಹೈದರನ ತಂದೆಯ ಗೋರಿ ಕೋಲಾರದಲ್ಲಿದೆ. ಮೂರು ತಲೆಮಾರಿನ ದಾರಿ ಹಿಡಿದು ಬಂದಂತೆ ಆ ಹುಲಿಯ ಮುಂದೆ ನಿಲ್ಲಬಹುದು. ಆದರೆ ಗ್ಯಾಲರಿಗಳನ್ನು ನವೀಕರಣಕ್ಕೆ ಆಗಾಗ ಮುಚ್ಚುತ್ತಾರೆ, ಹೊರಡುವ ಮುಂಚೆ ವೆಬ್‌ಸೈಟ್ ನೋಡಿ.

ಕೆಜಿಎಫ್ ಬಂಗಾರದ ಗುರುತು ಅಲ್ಲಿ ಏನಾದರೂ ಇದೆಯಾ?

ನಮ್ಮ ಹೆಸರು ಬರೆದ ಫಲಕವನ್ನು ನಾನು ಕಾಣಲಿಲ್ಲ. ಆದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮ್ಯೂಸಿಯಂಗೆ ಹೋಗಿ. ಉಚಿತ, ವಾರದ ಕೆಲಸದ ದಿನಗಳಲ್ಲಿ ಮಾತ್ರ. ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ ನಿಜವಾದ ಚಿನ್ನದ ಗಟ್ಟಿಯನ್ನು ಎತ್ತಿ ನೋಡಬಹುದು, ಸುಮಾರು 13 ಕಿಲೊ. ನಮ್ಮ ಗಣಿಗಳು 120 ವರ್ಷಗಳಲ್ಲಿ ಸುಮಾರು 800 ಟನ್ ಬಂಗಾರ ಕೊಟ್ಟವು, ಬ್ರಿಟಿಷರ ಕಾಲದಲ್ಲಿ ಅದು ಹಡಗೇರಿ ಈ ಊರಿಗೇ ಬರುತ್ತಿತ್ತು. ಮೂರು ಕಿಲೊಮೀಟರಿಗೂ ಆಳದಲ್ಲಿ ಬಂಡೆಯ ಬಿಸಿಗೆ ಮೈ ಬೆಂದು ಮೇಲೆ ಬರುತ್ತಿದ್ದ ನಮ್ಮ ತಾತ ಇಂಥ ಒಂದು ಗಟ್ಟಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚುವಾಗ ಅವರು ಬದುಕಿರಲೂ ಇಲ್ಲ. ನಾನು ಎರಡು ಸಲ ಎತ್ತಿದೆ, ಒಂದು ನನಗೆ, ಒಂದು ಅವರಿಗೆ. ಹಿಂದೆ ಸಾಲಿನಲ್ಲಿದ್ದವರು ಸುಮ್ಮನೆ ಕಾದರು.

ವಯಸ್ಸಾದವರಿಗೆ ಕಷ್ಟವಾಗುತ್ತಾ? ಚಳಿ?

ಜುಲೈ, ಆಗಸ್ಟ್‌ನಲ್ಲಿ ನಮ್ಮ ಡಿಸೆಂಬರ್ ಹಗಲಿನಂತೆ ಇರುತ್ತದೆ. ಮೋಡ ಕವಿದರೆ ಸ್ವೆಟರ್ ಬೇಕು, ಮಳೆ ಅಂಗಿ ಬ್ಯಾಗಿನಲ್ಲೇ ಇರಲಿ. ಮಂಡಿ ನೋವಿದ್ದವರು ಮೆಟ್ರೊ ಬಿಟ್ಟು ಬಸ್ ಹತ್ತಿ. ಹಳೆಯ ಸ್ಟೇಷನ್ನುಗಳಲ್ಲಿ ಮೆಟ್ಟಿಲು ಜಾಸ್ತಿ. ಆಟ ಮುಗಿಯುವುದು ಆರೂವರೆಗೆ, ಕತ್ತಲಾಗುವುದು ಒಂಬತ್ತರ ಸುಮಾರಿಗೆ. ಆ ಎರಡೂವರೆ ಗಂಟೆ ಥೇಮ್ಸ್ ದಂಡೆಯಲ್ಲಿ ಕಳೆಯಿರಿ.

ಹೋಗೋಕೆ ಆಗದವರು ಟಿವಿಯಲ್ಲಿ ನೋಡೋದಾದರೆ ಎಷ್ಟು ಗಂಟೆಗೆ?

ಬೇಸಿಗೆಯಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮಧ್ಯಾಹ್ನ ಮೂರೂವರೆಗೆ ಮೊದಲ ಚೆಂಡು, ಐದೂವರೆಗೆ ಅವರ ಊಟದ ವಿರಾಮ. ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬರಲು ಆ ನಲವತ್ತು ನಿಮಿಷ ಸಾಕಾಗುತ್ತದೆ. ರಾತ್ರಿ ಹತ್ತೂವರೆ, ಹನ್ನೊಂದಕ್ಕೆ ದಿನದಾಟ ಮುಗಿಯುತ್ತದೆ.